ಡ್ರೈವರಣ್ಣನ ಕಿವಿ

ಮೊನ್ನೆ ಬಾವಿಯ ಪಂಪು ಕಟಕಟ ಎನ್ನತೊಡಗಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಈ ವಿದ್ಯೆ ಕಲಿಸಿದವರು ಪಕ್ಕದ ಮನೆಯ ಡ್ರೈವರಣ್ಣ. ಬಸ್ಸಿನ ಡ್ರೈವರಲ್ಲ, ಹೊನ್ನಾವರ ಬಂದರಿನ ಮೀನಿನ ಬೋಟಿನವರು.

ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರಿದರೆ ರಿಪೇರಿಗೆ ಅವರೇ ಬೇಕು. ಎಂಜಿನ್ ಬಿಚ್ಚದೆಯೇ, ಬರೀ ಸದ್ದು ಕೇಳಿ ಎಲ್ಲಿ ಕೆಟ್ಟಿದೆಯೆಂದು ಹೇಳುತ್ತಿದ್ದರು. ಅವರ ಅನ್ನ ಇದ್ದದ್ದೇ ಆ ಕಿವಿಯಲ್ಲಿ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು... ನಾನಾಗ ಕಿವಿ ಡಾಕ್ಟರೊಬ್ಬರ ದವಾಖಾನೆಯಲ್ಲಿ ಚೀಟಿ ಬರೆಯುತ್ತಿದ್ದೆ. ಕಿವಿಯೊಳಗೆ ಹಗಲೂ ಜೀರುಂಡೆ ಕೂಗುತ್ತದೆ, ಬೆಳ್ಳುಳ್ಳಿ ಎಣ್ಣೆ ಬಿಟ್ಟರೂ ನಿಲ್ಲುವುದಿಲ್ಲ ಎಂದು ಡ್ರೈವರಣ್ಣ ಮೊದಲು ಹೇಳಿದ್ದು ನನಗೇ. ನಾನು ನಕ್ಕುಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಡಾಕ್ಟರು ನಗಲಿಲ್ಲ. ಒಳಗಿವಿಯಲ್ಲಿ ಕಣ್ಣಿಗೆ ಕಾಣದಂಥ ಕೂದಲುಗಳಿವೆ, ಸದ್ದು ಬಂದಾಗ ಪೈರಿನ ಹಾಗೆ ಬಾಗಿ ಏಳುತ್ತವೆ, ವರ್ಷಗಟ್ಟಲೆ ಎಂಜಿನ್ ಪಕ್ಕ ಕೂತರೆ ಸಾಯುತ್ತವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ ಎಂದರು. ಎಣ್ಣೆ ಬಿಡಬೇಡಿ ಎಂದು ಹೇಳಿ, ಕಿವಿಗೆ ತುರುಕಿಕೊಳ್ಳುವ ಹಳದಿ ಸ್ಪಂಜಿನ ಬಿರಡೆ ಕೊಟ್ಟರು. ಡ್ರೈವರಣ್ಣ ಅದನ್ನು ಕಿಸೆಗೆ ಹಾಕಿಕೊಂಡರು.

"ಕಿವಿ ಮುಚ್ಕಂಡ್ರೆ ಎಂಜಿನ್ನಿಗೆ ಎಂತ ಆತು ಅಂತ ಗೊತ್ತಾಗೂದು ಹ್ಯಾಂಗೆ, ತಂಗೀ?"

ನಾನೂ ಒತ್ತಾಯಿಸಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಐದಾರು ವರ್ಷ ಕಳೆದಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಅವರ ಮನೆಯಿಂದ ಬುತ್ತಿ ಕೊಡಲು ದಡಕ್ಕೆ ಹೋಗಿದ್ದೆ. ಎಂಜಿನ್ ಓಡುತ್ತಿತ್ತು. ಒಳಗೆ ಏನೋ ಕಟಕಟ ಎನ್ನುವುದು ಹತ್ತಿರ ಹೋದರೆ ನನಗೂ ಕೇಳುತ್ತಿತ್ತು. ಅವರು ಸ್ಕ್ರೂಡ್ರೈವರನ್ನು ಬಲಗಿವಿಗೆ ಒತ್ತಿದರು, ಎಡಗಿವಿಗೆ ಬದಲಿಸಿದರು, ಮತ್ತೆ ಬಲಕ್ಕೆ... ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿ, ಅದರ ಹಿಡಿಯನ್ನು ನನ್ನ ಕಿವಿಗಿಟ್ಟರು.

"ಎಂತ ಕೇಳ್ತು, ಹೇಳು."

ಹೇಳಿದೆ. ಅವರಿಗೆ ನನ್ನ ಮಾತೂ ಕೇಳಲಿಲ್ಲ. ಅವರ ಅಂಗೈ ಹಿಡಿದು, ಆ ಸದ್ದು ಬಂದ ಹಾಗೇ ಬೆರಳಿನಿಂದ ಬಡಿದು ತೋರಿಸಿದೆ. ಕಣ್ಣು ಮುಚ್ಚಿ ನಿಂತರು. ಬೇರಿಂಗ್ ಹೋಗಿದೆ ಎಂದರು. ಬಿಚ್ಚಿ ನೋಡಿದರೆ ಅದೇ.

ಅದೇ ಅವರ ಕೊನೆಯ ಎಂಜಿನ್. ಅವರ ಜಾಗಕ್ಕೆ ಬಂದ ಹುಡುಗನಿಗೆಂದು ನನ್ನ ಕೈಯಲ್ಲಿ ಹೊಸ ಬಿರಡೆ ತರಿಸಿಕೊಂಡರು. ಪರೀಕ್ಷೆ ಮಾಡುವ ಗಳಿಗೆ ಮಾತ್ರ ತೆಗಿ, ಮತ್ತೆ ಹಾಕು ಎಂದು ಬೈದು ಬೈದು ಕಲಿಸಿದರು.

ಡ್ರೈವರಣ್ಣ ಹೋಗಿ ತುಂಬ ವರ್ಷವಾಯಿತು. ಮೊನ್ನೆ ಪಂಪಿನ ಸದ್ದು ಸ್ಪಷ್ಟವಾಗಿ ಕೇಳಿತು. ನನಗೇ ತಿಳಿಯದೆ ಅದನ್ನು ನನ್ನ ಅಂಗೈ ಮೇಲೆ ಬಡಿಯುತ್ತಿದ್ದೆ... ಏನು ಕೆಟ್ಟಿದೆಯೆಂದು ಹೇಳುವವರು ಇರಲಿಲ್ಲ.