ವಿಭೂತಿ ಹಚ್ಚಿದ ಸರ್ವರ್

೧೯೯೪ರಲ್ಲಿ, ಒಂಬತ್ತನೇ ಕ್ಲಾಸಿಗೆ ನಾನು ಶಾಲೆ ಬಿಟ್ಟಾಗ, ರಟ್ಟೆ ಹಿಡಿದು ನನ್ನನ್ನು ತನ್ನ ಅಂಗಡಿಗೆ ಎಳೆದುಕೊಂಡು ಹೋದ ಕೈಯ ಮೂರು ಬೆರಳುಗಳಿಗೆ ವಿಭೂತಿ ಮೆತ್ತಿತ್ತು. ನಮ್ಮವ್ವನ ಅಣ್ಣ, ನನ್ನ ಸೋದರಮಾವ. ಮುಟ್ಟಿದ್ದಕ್ಕೆಲ್ಲ ಮೂರು ಗೆರೆ ಎಳೆಯುವುದು ಅವನ ಚಟ: ಗಲ್ಲಾಪೆಟ್ಟಿಗೆ, ಟಿವಿ, ನನ್ನ ಹಣೆ.

ಕೊಟ್ಟೂರಿನಲ್ಲಿ ಅವನದು ಟಿವಿ ರಿಪೇರಿ ಅಂಗಡಿ. ಅದರಿಂದ ಕೇಬಲ್ ಆಯಿತು, ಕೇಬಲ್ಲಿನಿಂದ ಇಂಟರ್ನೆಟ್ ಆಯಿತು. ಕಂಬ ಹತ್ತಿದ್ದು ನಾನು, ವೈರು ಎಳೆದದ್ದು ನಾನು, ವಿಡಿಯೋ ನೋಡಿ, ಕೆಡಿಸಿ, ಮತ್ತೆ ಕೂಡಿಸಿ ಸರ್ವರ್ ಕಲಿತದ್ದೂ ನಾನೇ. ಆದರೆ ಅಂಗಡಿ ಅವನ ಹೆಸರಲ್ಲಿತ್ತು; ಎಲ್ಲದಕ್ಕೂ ಅವನ ಬಾಯಿ.

ಗಿರಾಕಿಗಳ ಲಾಗಿನ್ ನೋಡಿಕೊಳ್ಳಲು ಎರಡು ಸರ್ವರ್ ಜೋಡಿಸಿದ್ದೆ. ಒಂದು ನಿಂತರೆ ಕೆಲಸ ತಾನಾಗಿಯೇ ಇನ್ನೊಂದಕ್ಕೆ ಹೋಗಬೇಕು. ಇದಕ್ಕೆ ಫೇಲ್‌ಓವರ್ ಎನ್ನುತ್ತಾರೆ. ನಿಂತದ್ದು ಮತ್ತೆ ಎದ್ದಾಗ ಕೆಲಸ ತಿರುಗಿ ಅದಕ್ಕೇ ಕೊಡಬೇಕೋ ಬೇಡವೋ ಎಂಬುದನ್ನು ನಾವು ಸೆಟ್ಟಿಂಗಿನಲ್ಲಿ ಹೇಳಿಡಬೇಕು. ನಾನು ಬೇಡ ಎಂದು ಇಟ್ಟಿದ್ದೆ. ಕೆಲಸ ಕೈ ಬದಲಿಸಿದಾಗಲೆಲ್ಲ ಊರ ಮಂದಿಯ ನೆಟ್ ಒಂದು ಗಳಿಗೆ ಕಡಿಯುತ್ತದೆ, ಅದಕ್ಕೆ.

ಮಾವನಿಗೆ ಇದು ಸರಿಬರಲಿಲ್ಲ. ಮೊದಲು ತಂದ ದೊಡ್ಡ ಸರ್ವರ್‌ಗೆ ದಿನಾ ವಿಭೂತಿ ಹಚ್ಚುವವನು ಅವನು. ಬೂದಿ ಫ್ಯಾನಿಗೆ ಹೋಗುತ್ತದೆ ಎಂದು ನಾನು ಬಾಯಿ ಬಡಿದುಕೊಂಡದ್ದೆಲ್ಲ ದಂಡ. ಆ ದೊಡ್ಡದು ಎದ್ದ ಮೇಲೂ ಚಿಕ್ಕದೇ ಕೆಲಸ ಮಾಡುವುದನ್ನು ಕಂಡರೆ ಅವನ ಮೈ ಉರಿಯುತ್ತಿತ್ತು.

"ಹಿರೇಮಗ ಬಂದು ಬಾಗಲದಾಗ ನಿಂತಾನ, ಕಿರಿಯಾವ ಗಾದಿ ಬಿಟ್ಟು ಏಳವಲ್ಲ. ಇದ್ಯಾವ ಮನಿ ಪದ್ಧತಿಲೇ?"

"ಮಾವಾ, ಅವು ಮಕ್ಕಳಲ್ಲ, ಡಬ್ಬಿ."

"ಡಬ್ಬಿ ಅಂದ್ರ ಆಯುಧಪೂಜಿಗೆ ಕುಂಬಳಕಾಯಿ ಯಾಕ ಒಡದಿ?"

"ಎದ್ದದ್ದು ಗಟ್ಟಿ ನಿಂತೈತೋ ಇಲ್ಲೋ, ನೋಡಿ ಕೊಡಬೇಕು."

"ಹಿರಿಯಾರನ್ನ ಪರೀಕ್ಷಾ ಮಾಡ್ತಿಯೇನು? ಎದ್ದ ಕೂಡ್ಲೆ ಕೊಡಂಗ ಮಾಡು."

ಉಣ್ಣುವಾಗ ಇದೇ ರಗಳೆ, ಗಿರಾಕಿ ಎದುರಿಗೆ ಇದೇ ರಗಳೆ, ಕಡೆಗೆ ಅವ್ವನ ಮುಂದೂ ಪಂಚಾಯ್ತಿ. ತಲೆ ಚಿಟ್ಟು ಹಿಡಿದು ಅವನು ಹೇಳಿದಂತೆ ಮಾಡಿಕೊಟ್ಟೆ.

ಮಾರುಕಟ್ಟೆಯಲ್ಲಿ ಶೇಂಗಾ ಟೆಂಡರ್ ಇದ್ದ ದಿನ ಕರೆಂಟು ಹೋಗಿ ಬಂದು ಆಟ ಆಡಿತು. ಚಿಕ್ಕದಕ್ಕೆ ಹೊಸ ಬ್ಯಾಟರಿ ಇತ್ತು. ದೊಡ್ಡದರ ಬ್ಯಾಟರಿ ಅಂದೇ ಕೈಕೊಟ್ಟಿತು. ದೊಡ್ಡದು ಬೀಳುತ್ತಿತ್ತು, ಚಿಕ್ಕದು ಕೆಲಸ ಹಿಡಿಯುತ್ತಿತ್ತು. ದೊಡ್ಡದು ಎದ್ದು ಕಸಿದುಕೊಳ್ಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಪ್ರತಿ ಸಲ ನೆಟ್ ಕಟ್. ವರ್ತಕರು ಕಂಪ್ಯೂಟರಿನಲ್ಲಿ ದರ ಹಾಕುವ ಹೊತ್ತು ಬೇರೆ. ಮಾರುಕಟ್ಟೆಯ ಅಂಗಡಿಗಳು ಕೈಬಿಟ್ಟರೆ ನಮ್ಮ ಅರ್ಧ ಅನ್ನ ಹೋದಂತೆ. ಅವರು ಗುಂಪಾಗಿ ಬಂದೇಬಿಟ್ಟರು.

"ಏನಪಾ, ಇದು ನೆಟ್ಟೋ ಜೋಕಾಲಿಯೋ?"

"ನಾಳಿಗೆ ಬ್ಯಾರೇರ ವೈರು ಎಳಸ್ತೀವಿ. ಎಲ್ಲಿ ಅದಾನ ನಿಮ್ಮ ಒಂಬತ್ತನೇ ಕ್ಲಾಸಿನ ಇಂಜಿನಿಯರು?"

ನನ್ನ ಕಿವಿ ಕಾದವು. ನಾನು ಏಳುವಷ್ಟರಲ್ಲಿ ಮಾವ ಬಾಗಿಲಿಗೆ ಎರಡೂ ಕೈ ಅಡ್ಡ ಹಚ್ಚಿ ನಿಂತಿದ್ದ.

"ಆತ ಬ್ಯಾಡ ಅಂದಿದ್ನರೀ. ಹಟ ಹಿಡದು ಹಿಂಗ ಮಾಡಿಸಿದಾತ ನಾನು. ಬೈಯೋದು ನನಗ ಬೈರಿ, ಆತನ ಕೈ ನಿಲ್ಲಸಬ್ಯಾಡ್ರಿ."

ಬೈದರು. ಅವನ ವಯಸ್ಸನ್ನೂ ನೋಡದೆ ಬೈದರು. ನಾನು ಒಳಗೆ ದೊಡ್ಡದರ ವೈರು ಕಿತ್ತು, ಸೆಟ್ಟಿಂಗ್ ಮೊದಲಿನಂತೆ ತಿರುಗಿಸಿದೆ. ಟೆಂಡರ್ ಮುಗಿಯುವವರೆಗೂ ಚಿಕ್ಕದು ಅಲುಗಲಿಲ್ಲ. ಇಬ್ಬರು ವರ್ತಕರು ಬಿಟ್ಟುಹೋದರು; ಉಳಿದವರು ಉಳಿದರು.

ಜನ ಚದುರಿದ ಮೇಲೆ ಮಾವ ಒಳಗೆ ಬಂದು ಸೆಟ್ಟಿಂಗ್ ಏನು ಮಾಡಿದೆ ಎಂದು ಕೇಳಿಕೊಂಡ. "ದೊಡ್ಡದಕ್ಕ ಸಿಟ್ಟು ಬರಂಗಿಲ್ಲೇನು?"

"ಬರಂಗಿಲ್ಲ. ಅದಕ್ಕ ಮಾನ ಮರ್ವಾದಿ ಇಲ್ಲ."

"ಪುಣ್ಯವಂತ ಬಿಡು" ಎಂದು ಅದಕ್ಕೇ ಮತ್ತೆ ಮೂರು ಗೆರೆ ಎಳೆದ. ನನಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಮರುವರ್ಷ ಎದೆನೋವು ಬಂದು ಮಾವ ದಾವಣಗೆರೆಯ ಆಸ್ಪತ್ರೆ ಕಂಡು ಬಂದ. ಅಂಗಡಿಗೆ ಕಾಲಿಟ್ಟಾಗ ನಾನು ಅವನ ಕುರ್ಚಿ ಬಿಟ್ಟು ಎದ್ದೆ. "ಕುಂದ್ರಲೇ" ಎಂದವನೇ ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತ. ಕಡೆತನಕ ಆ ಬೆಂಚೇ ಅವನ ಜಾಗ. ನಾನು ಫೋನಿನಲ್ಲಿ ಮಾತಾಡುವ ರೀತಿಯಿಂದ ಹಿಡಿದು ಚಹಾದ ಸಕ್ಕರೆಯವರೆಗೆ ಅಲ್ಲಿಂದಲೇ ತಪ್ಪು ಹುಡುಕಿ ಜೀವ ತಿಂದ. ಈ ಬೇಸಿಗೆಯಲ್ಲಿ ಹೋದ.

ಈಗ ನನ್ನ ಬಳಿ ನಾಲ್ಕು ಸರ್ವರ್ ಇವೆ. ಹಗರಿಬೊಮ್ಮನಹಳ್ಳಿಗೂ ಚಿಗಟೇರಿಗೂ ಎಳೆದ ವೈರು ಇದೆ. ಕೆಲಸದವರು ಐದು ಜನ. ಮಾರುಕಟ್ಟೆಯ ಅಂಗಡಿಗಳು ಇಪ್ಪತ್ತಾರು. ನನ್ನ ಬದಲಿಗೆ ಬೈಸಿಕೊಳ್ಳುವವರು ಒಬ್ಬರೂ ಇಲ್ಲ.