ಗೊಂದಲ ಕೇಳುತ್ತಿದ್ದ ಮೇಡಂ

ನಮ್ಮ ಬಯಾಲಜಿ ಮೇಡಂ ಅವರ ಎಡಗೈ ಉಂಗುರದ ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ರಕ್ತದ ಗುಂಪು ನೋಡುವ ಪ್ರಾಕ್ಟಿಕಲ್ ಬಂದಾಗಲೆಲ್ಲ ಅವರು ಮೊದಲು ತಮ್ಮ ಬೆರಳಿಗೇ ಚುಚ್ಚಿಕೊಳ್ಳುತ್ತಿದ್ದರು. ಹೆದರಿ ಹಿಂದೆ ಸರಿದ ಹುಡುಗಿಯರ ಮುಂದೆ ಆ ಕೆಂಪು ಹನಿ ಹಿಡಿದು, "ನೋಡ್ರೇ, ಸತ್ತೋಗಿಲ್ಲ ನಾನು" ಎಂದು ನಗುತ್ತಿದ್ದರು.

ಅವರು ಚನ್ನರಾಯಪಟ್ಟಣದಿಂದ ಹಾಸನದ ನಮ್ಮ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಶಾಂತಿಗ್ರಾಮದಲ್ಲಿ ನಾನು ಅದೇ ಬಸ್ಸು ಹತ್ತುತ್ತಿದ್ದೆ. ಪಕ್ಕದ ಸೀಟಿನಲ್ಲಿ ಬ್ಯಾಗಿಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. "ಕೂತ್ಕೋ. ಮಿಯಾಸಿಸ್ ಹೇಳು" ಅನ್ನುವುದೇ ಅವರ ನಮಸ್ಕಾರ. ನಾನು ಇನ್ನೊಂದು ಬಗೆಯ ಕೋಶ ವಿಭಜನೆಯಾದ ಮೈಟೋಸಿಸ್ ಹೇಳಿಬಿಡುತ್ತಿದ್ದೆ. ಬೈಯುತ್ತಿರಲಿಲ್ಲ. ಬ್ಯಾಗಿನಿಂದ ಕಡಲೆಬೀಜ ತೆಗೆದು ನನ್ನ ಅಂಗೈ ಮೇಲೆ ಜೋಡಿ ಜೋಡಿಯಾಗಿಟ್ಟು, "ಈಗ ಬೇರೆ ಮಾಡು, ಯಾವ್ದು ಎಲ್ಲಿಗೆ ಹೋಯ್ತು ನೋಡು" ಅನ್ನುತ್ತಿದ್ದರು. ಹಾಸನ ಬರುವಷ್ಟರಲ್ಲಿ ಕ್ರೋಮೋಸೋಮುಗಳನ್ನು ಇಬ್ಬರೂ ತಿಂದು ಮುಗಿಸಿರುತ್ತಿದ್ದೆವು.

"ಅರ್ಥ ಆಯ್ತಾ?" ಎಂದು ಅವರು ತರಗತಿಯಲ್ಲಿ ಯಾವತ್ತೂ ಕೇಳಿದವರಲ್ಲ. "ಎಲ್ಲಿ ಗೊಂದಲ ಆಯ್ತು?" ಎಂದು ಕೇಳುತ್ತಿದ್ದರು. ಒಬ್ಬೊಬ್ಬರೂ ಎದ್ದು ನಿಂತು ಒಂದು ಗೊಂದಲ ಹೇಳಬೇಕು. ಇಲ್ಲ ಅಂದವರಿಗೆ, "ಹಾಗಾದ್ರೆ ನೀನು ಓದೇ ಇಲ್ಲ" ಎಂಬ ಉತ್ತರ. ನನಗಂತೂ ಗೊಂದಲಕ್ಕೆ ಬರವಿರಲಿಲ್ಲ.

ಸೆಕೆಂಡ್ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಪಾಠಗಳೆಲ್ಲ ಮುಗಿದು ಮೇಡಂ ಮೊದಲಿನಿಂದ ರಿವಿಷನ್ ಮಾಡಿಸುತ್ತಿದ್ದರು. ಆ ದಿನ ರಕ್ತದ ಗುಂಪು ಅನುವಂಶೀಯವಾಗಿ ಬರುವ ಬಗೆ. "ಅಪ್ಪನಿಂದ ಒಂದು ಜೀನು, ಅಮ್ಮನಿಂದ ಒಂದು. ಓ ಗುಂಪು ಆಗ್ಬೇಕಾದ್ರೆ ಇಬ್ಬರಿಂದಲೂ ಓ ಬರಬೇಕು. ಎಬಿ ಗುಂಪಿನವರ ಹತ್ರ ಎ ಇದೆ, ಬಿ ಇದೆ, ಓ ಇಲ್ಲ. ತಮ್ಮ ಹತ್ರ ಇಲ್ದೇ ಇರೋದನ್ನ ಮಗೂಗೆ ಎಲ್ಲಿಂದ ತಂದ್ಕೊಡ್ತಾರೆ?" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪ್ರಾಕ್ಟಿಕಲ್‌ನಲ್ಲಿ ನನ್ನ ರಕ್ತ ಓ ಎಂದು ಬಂದಿತ್ತು. ಗೂಡ್ಸ್ ಆಟೋ ಓಡಿಸುವ ನಮ್ಮಪ್ಪನ ಲೈಸೆನ್ಸಿನಲ್ಲಿ ಎಬಿ ಎಂದಿದ್ದದ್ದನ್ನು ನಾನೇ ಓದಿದ್ದೆ.

ಲೆಕ್ಕ ತಪ್ಪಿದ್ದೇನೆ ಅಂದುಕೊಂಡೆ. ಮತ್ತೆ ಹಾಕಿದೆ. ಆಮೇಲೆ ಟೆಸ್ಟೇ ತಪ್ಪಿರಬೇಕು ಅಂದುಕೊಂಡೆ. ಮರುದಿನ ಬಸ್ಸಿನಲ್ಲಿ ಮೇಡಂಗೆ ಹೇಳಿದೆ. ಅವರು ಕಡಲೆಬೀಜದ ಪೊಟ್ಟಣ ಮಡಚಿ ಬ್ಯಾಗಿಗೆ ಹಾಕಿದರು.

"ಲೈಸೆನ್ಸಲ್ಲಿ ಇರೋದನ್ನ ನಂಬ್ಬೇಡ. ಏಜೆಂಟ್‌ಗಳು ಬಾಯಿಗೆ ಬಂದಿದ್ದು ತುಂಬ್ತಾರೆ" ಎಂದರು. ಲ್ಯಾಬಿಗೆ ಕರೆದುಕೊಂಡು ಹೋಗಿ ನನ್ನ ರಕ್ತವನ್ನು ತಾವೇ ಮತ್ತೆ ನೋಡಿದರು. ಓ. "ಅಪ್ಪನ್ನ ಕೇಳೋದೂ ಬಿಡೋದೂ ನಿಂಗೆ ಬಿಟ್ಟಿದ್ದು. ಕೇಳೋದಾದ್ರೆ ಮಾತ್ರ ಒಬ್ಬಳೇ ಕೇಳ್ಬೇಡ ಕಣಮ್ಮ. ನಾನಿರ್ತೀನಿ."

ಮೇಡಂ ನಿನ್ನ ರಕ್ತದ ಗುಂಪು ನೋಡಬೇಕಂತೆ, ನನ್ನ ಪಾಠಕ್ಕೆ ಬೇಕು ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಬೆಳ್ಳಗಿನ ಶರ್ಟು ಹಾಕಿಕೊಂಡು ಕಾಲೇಜಿನ ಲ್ಯಾಬಿಗೆ ಬಂದ. ಮೇಡಂ ವಾಡಿಕೆಯಂತೆ ತಮ್ಮ ಬೆರಳಿಗೆ ಚುಚ್ಚಿಕೊಂಡು ತೋರಿಸಿ, ಹೊಸ ಸೂಜಿ ತೆಗೆದರು. ಅಪ್ಪ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

"ಸೂಜಿ ಬ್ಯಾಡಿ ಮೇಡಂ. ಲೈಸೆನ್ಸಲ್ಲಿರೋದು ಸರ್ಯಾಗೇ ಐತೆ." ನನ್ನ ಕಡೆ ನೋಡದೆ ಮುಂದುವರಿಸಿದ. "ಇವ್ಳು ಉಟ್ದಾಗ ಇವ್ಳ ತಾಯ್ಗೆ ರಕ್ತ ಬೇಕು ಅಂದ್ರು. ನಾನ್ ಕೊಡ್ತೀನಿ ಅಂತ ಓದೆ. ನೋಡ್ಬುಟ್ಟು, ನಿಂದು ಎಬಿ, ಅವ್ಳಿಗೆ ಆಗಲ್ಲ ಅಂದ್ಬುಟ್ರು. ನಮ್ಮತ್ಗೆ ಮೇಡಂ ಅವ್ಳು. ಉಳೀಲಿಲ್ಲ. ಕೂಸ್ನ ನಾವ್ ಎತ್ಕೊಂಡ್ ಬಂದ್ವಿ."

ಅತ್ತಿಗೆ. ಅಪ್ಪನಿಗೆ ಇರುವುದು ಒಬ್ಬನೇ ಅಣ್ಣ, ಅರಕಲಗೂಡಿನ ದೊಡ್ಡಪ್ಪ. ಹಬ್ಬಕ್ಕೆ ಬಂದರೆ ನನ್ನ ತಲೆ ಸವರಿ, ಒಂದು ಮಾತೂ ಆಡದೆ ಜಗಲಿಗೆ ಹೋಗಿ ಕೂರುವವನು. ದೊಡ್ಡಮ್ಮ ಅವನ ಎರಡನೇ ಹೆಂಡತಿ ಎಂಬುದೇ ನನಗೆ ಆವತ್ತಿನವರೆಗೂ ತಿಳಿದಿರಲಿಲ್ಲ.

ಅಪ್ಪ ಹೊರಗೆ ಹೋಗಿ ಮರದ ಕೆಳಗೆ ನಿಂತ. ನಾನು ಕೇಳಿದೆ, "ಹಾಗಾದ್ರೆ ನಮ್ಮಪ್ಪ ಯಾರು ಮೇಡಂ?"

ಮೇಡಂ ಸೂಜಿಯನ್ನು ಕೆಳಗಿಟ್ಟರು. "ಈ ಟೆಸ್ಟು, ಯಾರು ಅಲ್ಲ ಅಂತ ಮಾತ್ರ ಹೇಳುತ್ತೆ ಕಣಮ್ಮ. ಯಾರು ಅಂತ ಹೇಳಲ್ಲ. ಅದಕ್ಕೆ ನನ್ನ ಹತ್ರ ಯಾವ ಟೆಸ್ಟೂ ಇಲ್ಲ" ಎಂದು ನನ್ನ ಭುಜ ಹಿಡಿದು ಪಕ್ಕದಲ್ಲೇ ಕೂತರು. ಮಧ್ಯಾಹ್ನದ ಪಾಠಕ್ಕೆ ಬೆಲ್ ಆದರೂ ಏಳಲಿಲ್ಲ.

ಮನೆಯಲ್ಲಿ ಅಮ್ಮ ಎಂದಿನಂತೆ ತಟ್ಟೆ ಇಟ್ಟಳು. ಅಪ್ಪ ಎಲ್ಲ ಹೇಳಿದ್ದ. ನಾನು ಮುಟ್ಟದೆ ಕೂತಿದ್ದೆ. "ಉಣ್ಣು. ಬೈಯೋದಿದ್ರೆ ಉಂಡ್ಬುಟ್ಟು ಬೈಯಿ" ಅಂದಳು. ಉಂಡೆ. ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದು ಗೊತ್ತಾಗಲಿಲ್ಲ. ಪುಸ್ತಕ ತೆರೆದರೆ ಪ್ರತಿ ಪುಟದಲ್ಲೂ ತಂದೆ, ತಾಯಿ, ಸಂತತಿ. ಅಕ್ಷರಗಳು ಕಲಸಿಹೋಗುತ್ತಿದ್ದವು.

ಎರಡು ದಿನ ಬಿಟ್ಟು ಕಾಲೇಜಿಗೆ ಹೋದೆ. ತರಗತಿಯಲ್ಲಿ ಗೊಂದಲ ಕೇಳುವಾಗ ಮೇಡಂ ನನ್ನನ್ನು ಬಿಟ್ಟು ಮುಂದೆ ಹೋಗಬಹುದು ಅಂದುಕೊಂಡಿದ್ದೆ. ಹೋಗಲಿಲ್ಲ. ಅದೇ ದನಿಯಲ್ಲಿ, "ಎಲ್ಲಿ ಗೊಂದಲ ಆಯ್ತು?" ಎಂದರು.

"ಎಲ್ಲಾ ಗೊಂದಲ ಮೇಡಂ" ಎಂದೆ. ಅಳು ಬಂತು.

"ಎಲ್ಲಾನೂ ಒಟ್ಟಿಗೆ ಬಿಡಿಸಕ್ಕೆ ನನ್ನ ಕೈಲೂ ಆಗಲ್ಲ. ಒಂದು ಹೇಳು."

ತಡಕಾಡಿ, ಡಿಎನ್‌ಎಯಿಂದ ಆರ್‌ಎನ್‌ಎ ಆಗುವುದಕ್ಕೆ ಏನಂತಾರೆ ಎಂದು ಕೇಳಿದೆ. ಮೇಡಂ ಚಾಕ್‌ಪೀಸ್ ಹಿಡಿದು, ಏನೂ ನಡೆದೇ ಇಲ್ಲವೆಂಬಂತೆ ಬೋರ್ಡಿಗೆ ತಿರುಗಿದರು. ಆ ಒಂದು ಗೊಂದಲ ಬಿಡಿಸಿದರು. ಮರುದಿನ ಇನ್ನೊಂದು. ಹೀಗೇ ಪರೀಕ್ಷೆ ಬರೆದು ಪಾಸಾದೆ. ದೊಡ್ಡಪ್ಪನನ್ನು ಏನೆಂದು ಕರೆಯಬೇಕು ಎಂಬುದು ಮಾತ್ರ ಇವತ್ತಿಗೂ ಬಿಡಿಸಲು ಆಗಿಲ್ಲ. ಅವನು ಬಂದರೆ "ಬನ್ನಿ" ಎಂದಷ್ಟೇ ಹೇಳಿ ಕಾಫಿ ಕೊಡುತ್ತೇನೆ. ಆ ಗೊಂದಲ ಇಟ್ಟುಕೊಂಡೇ ಬೇರೆ ಕೆಲಸ ಮಾಡಬಹುದು ಎಂಬುದನ್ನು ಮೇಡಂ ಕಲಿಸಿದ್ದರು.

ಕಳೆದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಅಪ್ಪ, "ನಡಿ, ನಾನೂ ಬತ್ತೀನಿ" ಎಂದು ಆಟೋ ತೆಗೆದ. ಚನ್ನರಾಯಪಟ್ಟಣದ ಅವರ ಮನೆ ಮುಂದೆ ಜನ ನೆರೆದಿದ್ದರು. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು, "ತಾವು ಯಾರ ಕಡೆಯವ್ರು?" ಎಂದು ಕೇಳಿದರು.

ಅಪ್ಪ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇವ್ಳು ನನ್ ಮಗ್ಳು ಸಾ" ಅಂದ. "ಇವ್ಳಿಗೆ ಪಾಠ ಯೋಳ್ಕೊಟ್ಟೋರು ಅವ್ರು."

ಹಿರಿಯರು ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟರು.