ಹನ್ನೊಂದು ತಿರುವು

ದಾರಿಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಆ ಹೆಸರಿನಿಂದ ಕರೆಯುತ್ತಿದ್ದವರು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಗುಮಾಸ್ತರು ಮಾತ್ರ. ಉಳಿದವರಿಗೆಲ್ಲ, ಅವಳಿಗಿಂತ ಇಪ್ಪತ್ತು ವರ್ಷ ಹಿರಿಯರಿಗೂ, ಅವಳು ದಾರಿಯಕ್ಕ. ಹಗಲೆಲ್ಲ ಅಪ್ಪ ಬಿಟ್ಟುಹೋದ ಹೊಲಿಗೆ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಉದ್ದವಾದ ಪ್ಯಾಂಟಿನ ಕಾಲು ಮಡಿಸುವುದು ಅವಳ ಕೆಲಸ. ಅಂಗಡಿ ಎಂದರೆ ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಕಿಟಕಿಯ ಕೆಳಗೊಂದು ಮಣೆ. ಮೂರನೆಯವರು ಒಳಗೆ ಬಂದರೆ ಒಬ್ಬರು ಬೀದಿಗೆ ಇಳಿಯಬೇಕು. ಅಲ್ಲಿಗೆ ಯಾರಾದರೂ ಏದುಸಿರು ಬಿಡುತ್ತ ಓಡಿಬಂದು ಬಾಗಿಲಲ್ಲಿ ನಿಂತರೆ ಅವಳು ಕೇಳುತ್ತಿದ್ದುದು ಒಂದೇ ಮಾತು: "ಉಸಿರಿದೆ ತಾನೆ?" ಇದೆ ಎಂದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಬಿಡುವಳು.

ಅವಳ ಜನ ಒಂದು ಹಳೆಯ ಪಟ್ಟಣದವರು. ಎಷ್ಟು ಹಳೆಯದೆಂದರೆ, ಅದು ಮಣ್ಣುಪಾಲಾಗಿ ಸಾವಿರಾರು ವರ್ಷವಾಗಿದೆ. ಇಂಥ ಕಡೆ ಇತ್ತು ಎಂದು ಬೊಟ್ಟು ಮಾಡಿ ತೋರಿಸುವವರೂ ಇಲ್ಲ. ಶಾಲೆಯ ಪುಸ್ತಕದಲ್ಲಿ ಅದರ ಚಿತ್ರ ಇರುತ್ತದೆ, ಗೋಪುರ, ಕೋಟೆ, ಕೋಟೆಯ ಮೇಲೊಬ್ಬ ರಾಜ. ಮೇಷ್ಟ್ರು "ಇದೆಲ್ಲ ದಂತಕಥೆ" ಅಂತ ಪುಟ ಮಗುಚುತ್ತಾರೆ. ದಂತಕಥೆಯಂತೆ! ಈ ಜನರ ಹೆಂಗಸರು ಮಕ್ಕಳನ್ನು ಮಲಗಿಸುವುದು ಆ ಊರಿನ ಬೀದಿಗಳ ಹೆಸರು ಹಾಡಿ. ಹುಡುಗಿಯರು ಹಗ್ಗದಾಟ ಆಡುವುದು ಅದರ ಏಳು ಬಾಗಿಲು ಎಣಿಸಿ. ಪ್ರಾರ್ಥನೆಯಲ್ಲಿ ದೇವರನ್ನು ಕರೆಯುವುದೇ "ನಮ್ಮೂರ ಯಜಮಾನ" ಎಂದು. ಅತ್ತೆ ಸೊಸೆಯ ಜಗಳ ತಾರಕಕ್ಕೇರಿದರೆ "ಸತ್ತ ಮೇಲೂ ನಿನ್ನ ಬೀದೀಲಿ ಮನೆ ಮಾಡಲ್ಲ ಕಣೇ" ಎನ್ನುವುದು ಕೊನೆಯ ಬೈಗುಳ. ಅದಾದ ಮೇಲೆ ಮೂರು ದಿನ ಮಾತಿಲ್ಲ ಕಥೆಯಿಲ್ಲ. ಸತ್ತವರೆಲ್ಲ ಆ ಊರಿಗೆ ಹೋಗಿ ತಮ್ಮ ತಮ್ಮ ಮನೆ ಸೇರಿಕೊಳ್ಳುತ್ತಾರೆ, ಮೊದಲೇ ಹೋದವರು ಬಾಗಿಲು ತೆಗೆಯುತ್ತಾರೆ ಎಂಬುದು ಇವರ ನಂಬಿಕೆ.

ಆದರೆ ಸಾಯುವ ಹೊತ್ತಿಗೆ ಎಲ್ಲ ಮರೆತುಹೋಗುತ್ತದಂತೆ. ಅದಕ್ಕೇ ದಾರಿ ಹೇಳುವವರು ಬೇಕು. ಕೊನೆಯುಸಿರಿಗೆ ಮುಂಚೆ ಬಂದು, ತಲೆಯ ಹತ್ತಿರ ಕೂತು, ಕಿವಿಯಲ್ಲಿ ಹೇಳಬೇಕು: ಮೂಡಣ ಬಾಗಿಲಿಂದ ಒಳಗೆ ಬಾ, ಕುಂಬಾರರ ಬೀದಿ ದಾಟು, ಜೋಡಿ ಬಾವಿಯ ಹತ್ತಿರ ತಿರುಗು. ಹೀಗೆ ಹನ್ನೊಂದು ತಿರುವು. ಎಡವೋ ಬಲವೋ ಎಂಬುದನ್ನು ಮಾತ್ರ ಬಾಯಲ್ಲಿ ಹೇಳುವಂತಿಲ್ಲ. ಬಲಕ್ಕಾದರೆ ಬಲ ಅಂಗೈ, ಎಡಕ್ಕಾದರೆ ಎಡ ಅಂಗೈ ಒತ್ತಬೇಕು. ಸಾಯುವವರ ಕಿವಿ ಮೋಸ ಮಾಡಬಹುದು, ಅಂಗೈ ಮೋಸ ಮಾಡುವುದಿಲ್ಲ ಎಂದು ಹಿಂದಿನವರ ಅನುಭವ. ಎದ್ದು ಓಡಾಡಬಲ್ಲ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಒಬ್ಬರಿಗೆ ಒಂದೇ ಸಲ. ಎರಡನೆಯ ಸಲ ಹೇಳಿದರೆ ಅರ್ಧ ದಾರಿಯಲ್ಲಿರುವ ಜೀವ ಗಾಬರಿಬಿದ್ದು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತುಬಿಡುತ್ತದೆ. ಬರೆದಿಡುವ ಹಾಗೂ ಇಲ್ಲ.

ಅವಳಿಗೆ ಕಲಿಸಿದ್ದು ಅಪ್ಪ. ಮಿಷನ್ ತುಳಿಯುತ್ತ ಹೇಳುವನು. ತಿರುವು ಬಂದಾಗ ಕಾಲು ನಿಲ್ಲಿಸಿ ಒಂದು ಕೈ ಎತ್ತುವನು. ಇವಳು ಎದುರಿಗೆ, ಕಿಟಕಿಯ ಕೆಳಗಿನ ಮಣೆಯ ಮೇಲೆ ಕೂತು, ಕಾಜಾ ಹೊಲಿಯುತ್ತ ಕೇಳುವಳು. ಅವನು ಎತ್ತಿದಂತೆ ತಾನೂ ಒಂದು ಕೈ ಎತ್ತುವಳು. ಅಪ್ಪ ಕನ್ನಡಕದ ಮೇಲಿಂದ ಕಣ್ಣು ಹಾಯಿಸಿ "ಹ್ಞೂಂ, ಮುಂದೆ" ಎನ್ನುವನು. ಹನ್ನೆರಡು ತುಂಬುವ ಹೊತ್ತಿಗೆ ಅವಳಿಗೆ ಅದು ನೀರು ಕುಡಿದಷ್ಟು ಸಲೀಸಾಗಿತ್ತು.

ಮೊದಲ ಸಲ ದಾರಿ ಹೇಳಿದ್ದು ಯಾರಿಗೆ ಅಂತ ಮಾತ್ರ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು: ತನ್ನ ಮಗಳಿಗೆ. ಏಳು ವರ್ಷದ ಕೂಸು, ಜ್ವರ ನೆತ್ತಿಗೇರಿ ನಾಲ್ಕೇ ದಿನ. ಹೇಳಬೇಕಾಗಿದ್ದ ಅಪ್ಪ ಲಕ್ವ ಹೊಡೆದು ಅದೇ ಕೋಣೆಯ ಇನ್ನೊಂದು ಮಂಚದಲ್ಲಿ ಬಿದ್ದಿದ್ದ. ಬಲಭಾಗ ಸ್ವಾಧೀನವಿರಲಿಲ್ಲ, ಮಾತು ನಿಂತೇಹೋಗಿತ್ತು. ಅವಳೇ ಹೇಳಿದಳು. ಧ್ವನಿ ನಡುಗದ ಹಾಗೆ, ಒಂದೂ ತಿರುವು ಬಿಡದೆ, ಆ ಪುಟ್ಟ ಅಂಗೈಗಳನ್ನು ಒತ್ತಿ ಒತ್ತಿ ಹೇಳಿದಳು. ಆಗ ಅಪ್ಪ ಎಡಗೈಯನ್ನು ಮಂಚಕ್ಕೆ ಬಡಿದು ಬಡಿದು, ಗಂಟಲಲ್ಲಿ ಏನೋ ಸದ್ದು ಮಾಡುತ್ತ ಒದ್ದಾಡಿಹೋದ. ಮೊಮ್ಮಗಳೆಂದರೆ ಅವನಿಗೆ ಪ್ರಾಣ. ಆ ಸಂಕಟ ಯಾರಿಗೆ ತಾನೆ ಅರ್ಥವಾಗುವುದಿಲ್ಲ? "ಅಳಬೇಡಪ್ಪ, ಸುಮ್ನಿರಪ್ಪ, ನಾನು ಹೇಳ್ತಿದ್ದೀನಲ್ಲ" ಎಂದು ಅವನಿಗೂ ಸಮಾಧಾನ ಹೇಳಿ ಮುಂದುವರಿಸಿದಳು.

ಮಗು ಮನೆ ಸೇರಿದೆ. ಅದೊಂದು ಮಾತನ್ನು ಹಿಡಿದುಕೊಂಡು ಇಪ್ಪತ್ತಾರು ವರ್ಷ ಬದುಕಿದಳು ಪುಣ್ಯಾತ್ಗಿತ್ತಿ. ಇನ್ನೊಂದು ಮಗುವಾಗಲಿಲ್ಲ. ಗಂಡ ಗೋಡೆಗೆ ಬಣ್ಣ ಹೊಡೆಯುವವನು, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಪೈಕಿ. "ಆ ಊರು ಇದೆಯೋ ಇಲ್ವೋ, ನೀನು ಇದೆ ಅಂತೀಯ, ನಾನೂ ಹ್ಞೂಂ ಅಂತೀನಿ. ಸಂಸಾರ ನಡೀಬೇಕಲ್ಲ!" ಎಂದು ನಗಿಸುತ್ತಿದ್ದ. ನಗುತ್ತಿದ್ದಳು ಕೂಡ. ಮಗಳು ಆ ಊರಿನ ದೀಪದ ಕಟ್ಟೆಯ ಹಿಂದಿನ ಮನೆಯಲ್ಲಿ, ಅಪ್ಪ ಹಿಂದೆಯೇ ದಾರಿ ಹೇಳಿ ಕಳಿಸಿದ್ದ ಅಜ್ಜಿಯ ಮಡಿಲಲ್ಲಿ ಕೂತಿದ್ದಾಳೆ ಎಂದು ಖಾತ್ರಿಯಿದ್ದವಳಿಗೆ ನಗುವುದೇನು ಕಷ್ಟ?

ಹೀಗಿರುವಾಗ ದೂರದ ಊರಿಂದ ಸೋದರತ್ತೆ ಬಂದಳು, ಅಪ್ಪನ ತಂಗಿ. ಎಂಬತ್ತು ದಾಟಿದ್ದರೂ ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು. ಅವಳೂ ದಾರಿ ಹೇಳುವವಳೇ. ಅದೇ ವಾರ ಬೇಕರಿಯವನ ತಾಯಿಗೆ ದಾರಿ ಹೇಳಬೇಕಾದ ಹೊತ್ತು ಬಂತು. ಬಲ್ಲವರು ಒಳಗಿರಬಹುದು ಎಂದು ದಾರಿಯಕ್ಕ ಅತ್ತೆಯನ್ನೂ ಕರೆದುಕೊಂಡು ಹೋದಳು. ಎಲ್ಲ ಮುಗಿದು ಹಿತ್ತಲಲ್ಲಿ ಕೈ ತೊಳೆಯುವಾಗ ಅತ್ತೆ ಕೇಳಿದಳು:

"ಏನೇ ಅದು ನೀನು ಮಾಡಿದ್ದು?"

"ನಾನೇನು ಮಾಡ್ದೆ ಅತ್ತೆ?"

"ಜೋಡಿ ಬಾವಿ ಹತ್ರ ಎಡಗೈ ಯಾಕೆ ಒತ್ತಿದೆ?"

"ಅಲ್ಲಿ ಎಡಕ್ಕೇ ಅಲ್ವಾ?"

ಅತ್ತೆ ಅಲ್ಲಿದ್ದ ಬೆಂಚಿನ ಮೇಲೆ ಕೂತು, ಅವಳನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಇಬ್ಬರೂ ಮೆಲುದನಿಯಲ್ಲಿ ಮೊದಲಿಂದ ಹೇಳುತ್ತ ಬಂದರು. ಮಾತಿನಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲ. ಬಾವಿಯ ಹತ್ತಿರ ಅತ್ತೆ ಬಲಗೈ ಎತ್ತಿದಳು, ಇವಳು ಎಡಗೈ ಎತ್ತಿದಳು. ಎರಡು ಕೈಯೂ ನಡುವೆ ಡಿಕ್ಕಿ ಹೊಡೆದವು. ಮುಂದಿನ ತಿರುವಿನಲ್ಲೂ ಹೊಂದಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ.

"ಹನ್ನೊಂದಕ್ಕೆ ಹನ್ನೊಂದೂ ಉಲ್ಟಾ!" ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಮ್ಮಣ್ಣ ನಿನ್ನ ಎಲ್ಲಿ ಕೂರಿಸ್ಕೊಂಡು ಕಲಿಸ್ದ?"

"ಎದುರಿಗೆ."

"ಅಯ್ಯೋ ಅವನ ಬುದ್ಧಿಗಿಷ್ಟು! ಪಕ್ಕದಲ್ಲಿ ಕೂರಿಸ್ಕೊಂಡಲ್ವೇನೇ ಕಲಿಸೋದು? ನಮಗೆ ನಮ್ಮಪ್ಪ ಹಾಗೇ ಕಲಿಸಿದ್ದು."

"ಕಿಟಕಿ ಹತ್ರ ಬೆಳಕಿತ್ತು ಅತ್ತೆ. ಕಾಜಾ ಹೊಲೀಬೇಕಿತ್ತು."

ಅಷ್ಟೇ ನೋಡಿ. ಬೆಳಕಿತ್ತು, ಕಾಜಾ ಹೊಲಿಯಬೇಕಿತ್ತು. ಎದುರು ಕೂತ ಅಪ್ಪ ಬಲಗೈ ಎತ್ತಿದರೆ ಅದು ಇವಳಿಗೆ ಎಡಪಕ್ಕಕ್ಕೆ ಕಂಡಿತು. ಇವಳು ಎಡಗೈ ಎತ್ತಿದಳು. ಹೊಲಿಗೆಯಿಂದ ಅರೆಗಳಿಗೆ ತಲೆಯೆತ್ತಿ ನೋಡಿದ ಅಪ್ಪನಿಗೂ ಅದು ತನ್ನ ಕೈಯ ನೇರಕ್ಕೇ ಕಂಡಿತು. ಕನ್ನಡಿ ನೋಡಿದವರ ಹಾಗೆ ಇಬ್ಬರೂ ಮೋಸಹೋದರು.

"ಆಗಿದ್ದು ಆಗಿಹೋಯ್ತು. ಇನ್ನು ಮೇಲೆ ಸರಿಯಾಗಿ ಹೇಳು. ಹಿಂದಿನದು ಯಾರ ಹತ್ರಾನೂ ಬಾಯಿಬಿಡಬೇಡ" ಎಂದು ಅತ್ತೆ ಊರಿಗೆ ಹೊರಟುಹೋದಳು. ಹೇಳುವುದು ಸುಲಭ! ಇವಳು ಅಂಗಡಿಯ ಮಣೆಯ ಮೇಲೆ ಕೂತು ಒಬ್ಬೊಬ್ಬರನ್ನೇ ನೆನೆದಳು. ಶಾಲೆಯ ಗಂಟೆ ಹೊಡೆಯುತ್ತಿದ್ದವನು. ಬಸ್ಸಿನ ಕಂಡಕ್ಟರು. ಒಂದೇ ವಾರದಲ್ಲಿ ಹೋದ ಅವಳಿ ಅಕ್ಕತಂಗಿಯರು. ಅಕ್ಕ ಅಕ್ಕ ಎಂದು ನಂಬಿದವರನ್ನೆಲ್ಲ ಊರೇ ಇಲ್ಲದ ಕಡೆಗೆ ಕೈಹಿಡಿದು ಕಳಿಸಿದ್ದಳು. ಎಲ್ಲರಿಗಿಂತ ಮೊದಲು ಮಗಳನ್ನು. ಅಪ್ಪ ಅಂದು ಒದ್ದಾಡಿದ್ದು ಅಳುವಿನಿಂದಲ್ಲ ಎಂಬುದು ಆಗ ಹೊಳೆಯಿತು. ಆ ಸದ್ದು, ಆ ಕೈ ಬಡಿತ, ಎಲ್ಲ ಒಂದೇ ಮಾತು: ತಪ್ಪು, ತಪ್ಪು, ತಿರುಗಿಸು. ಅವಳು ಸಮಾಧಾನ ಹೇಳಿ ಅವನ ಬಾಯಿ ಮುಚ್ಚಿಸಿದ್ದಳು. ಕತ್ತರಿ ಕೈಯಲ್ಲಿದ್ದ ಹಾಗೇ ಹಣೆ ಹಣೆ ಚಚ್ಚಿಕೊಂಡಳು.

ಗಂಡನಿಗೆ ಹೇಳಿದಾಗ ಅವನು ತನ್ನ ಉಗುರಿನ ಬಣ್ಣ ಕೆರೆದುಕೊಂಡ. ಆಮೇಲೆ "ಊರೇ ಇಲ್ಲ ಅಂದ್ಮೇಲೆ ದಾರಿ ಯಾವುದಾದ್ರೇನು ಬಿಡೇ" ಎಂದ. ಸಮಾಧಾನಕ್ಕೇ ಹೇಳಿದ್ದು, ಪಾಪ. ಎರಡು ದಿನ ಅವಳು ಅವನ ಜೊತೆ ಮಾತಾಡಲಿಲ್ಲ.

ಮೂರನೆಯ ವಾರ ಗಡಿಯಾರದ ಮಾವನ ಮಗಳು ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ಮಾವ ಎಂದರೆ ಎದುರು ಸಾಲಿನಲ್ಲಿ ಅರವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ದಾರಿಯಕ್ಕನನ್ನು ಲಂಗದ ವಯಸ್ಸಿನಿಂದ ಕಂಡವನು. ಹೋಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮಧ್ಯಾಹ್ನದ ಬಿಸಿಲು ಮಂಚದ ಕಾಲಿನವರೆಗೂ ಬಂದಿತ್ತು. ಮಗಳು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಮಾವನಿಗೆ ಉಸಿರು ಕಷ್ಟವಿತ್ತು, ಬುದ್ಧಿ ಮಾತ್ರ ನೆಟ್ಟಗಿತ್ತು. ಅವಳು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು.

ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದ. "ನಮ್ಮವಳಿಗೆ ಯಾವುದು ಹೇಳಿದ್ದೆ?"

ಅವನ ಹೆಂಡತಿ ಹೋಗಿ ಎಂಟು ವರ್ಷವಾಗಿತ್ತು. "ತಪ್ಪಿದ್ದೇ ಮಾವ. ಈಗ ಸರಿಯಾದ್ದು ಗೊತ್ತಾಗಿದೆ. ನಿಮಗೆ ಸರಿಯಾದ್ದೇ ಹೇಳ್ತೀನಿ."

"ಅವಳು ಹೋದ ದಾರೀನೇ ಹೇಳಮ್ಮ."

"ಮಾವ, ಅಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಊರಂತೂ ಇಲ್ಲ. ಬರೀ ಬಯಲೋ, ಕಾಡೋ..."

"ಅವಳಿದ್ದಾಳಲ್ಲ." ಮಾವನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. "ಎಂಟು ವರ್ಷದಿಂದ ಕಾಯ್ತಿದ್ದಾಳೆ. ಈಗ್ಲೇ ಲೇಟು ಅಂತ ಬೈತಾಳೆ. ಆ ಊರಲ್ಲಿ ನಾನೊಬ್ಬನೇ ಹೋಗಿ ಏನು ಮಾಡ್ಲಿ? ಹೇಳು, ಹೇಳು."

ಅವಳು ತಲೆಯ ಹತ್ತಿರ ಕೂತು ಶುರುಮಾಡಿದಳು. ಮೂಡಣ ಬಾಗಿಲು, ಕುಂಬಾರರ ಬೀದಿ. ಜೋಡಿ ಬಾವಿಯ ಹತ್ತಿರ ಅವನ ಎಡ ಅಂಗೈ ಒತ್ತಿದಳು. ಮಾವ ಬೆರಳು ಮಡಚಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ, ಸರಿ, ಇದೇ ಎನ್ನುವ ಹಾಗೆ.

ಅವಳ ನಾಲಿಗೆ ಅಲ್ಲೇ ನಿಂತಿತು. ಅಪ್ಪನಿಗೂ ಅವಳೇ ದಾರಿ ಹೇಳಿದ್ದಳು, ಮಗಳು ಹೋದ ಹತ್ತೊಂಬತ್ತನೆಯ ದಿನ. ಆ ಬೆಳಿಗ್ಗೆ ಅಪ್ಪ ಗಂಜಿಯ ಚಮಚವನ್ನು ಎಡಗೈಯಿಂದ ತಳ್ಳಿ ಚೆಲ್ಲಿದ್ದ. ಕೈಯಲ್ಲಿ ಅಷ್ಟು ಕಸುವು ಇತ್ತು. ಆದರೂ ಅವಳು ಜೋಡಿ ಬಾವಿ ಎಂದು ಎಡ ಅಂಗೈ ಒತ್ತಿದಾಗ ಅವನು ಒದ್ದಾಡಲಿಲ್ಲ, ಸದ್ದು ಮಾಡಲಿಲ್ಲ. ಅವಳ ಮುಖವನ್ನೇ ನೋಡುತ್ತ ಬೆರಳು ಮಡಚಿ ಅವಳ ಕೈ ಹಿಡಿದುಕೊಂಡಿದ್ದ. ಎಡಕ್ಕೆ ಒತ್ತಿದಾಗಲೆಲ್ಲ ಹಾಗೇ ಹಿಡಿದಿದ್ದ. ಜೀವ ಸೋತಿದೆ, ಅದಕ್ಕೇ ಸುಮ್ಮನಿದ್ದಾನೆ ಎಂದು ಅವಳು ಅಂದುಕೊಂಡಿದ್ದಳು.

"ಮುಂದೆ, ಮಗಳೇ" ಎಂದ ಮಾವ. ಅವಳು ಕಣ್ಣೀರು ನುಂಗಿಕೊಂಡು ಹನ್ನೊಂದು ತಿರುವನ್ನೂ ಮುಗಿಸಿದಳು.

ಮನೆಗೆ ಬಂದಾಗ ಗಂಡ ಹಿಂದಿನ ನಲ್ಲಿಯ ಹತ್ತಿರ ಬ್ರಷ್ಷು ತೊಳೆಯುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ರೀ, ಅಪ್ಪ ಗೊತ್ತಿದ್ದೂ ಹೋದ. ನಾನು ತಪ್ಪು ಹೇಳ್ತಿದ್ದೀನಿ ಅಂತ ಅವನಿಗೆ ಗೊತ್ತಿತ್ತು. ಊರಿಗೆ ಹೋಗೋ ದಾರಿ ಗೊತ್ತಿತ್ತು. ಮಗು ಹೋದ ಕಡೆಗೆ ಹೋದ ರೀ. ಅಮ್ಮನ್ನ ಬಿಟ್ಟು, ಮನೆ ಬಿಟ್ಟು, ಅವಳನ್ನ ಹುಡುಕ್ಕೊಂಡು ಹೋದ." ಅವಳಿಗೆ ಬಿಕ್ಕಿ ಬಿಕ್ಕಿ ಬಂತು. "ಹತ್ತೊಂಬತ್ತೇ ದಿನ. ಅವಳು ಒಬ್ಬಳೇ ಇದ್ದಿದ್ದು ಹತ್ತೊಂಬತ್ತೇ ದಿನ."

ಗಂಡ ನಲ್ಲಿ ನಿಲ್ಲಿಸಿದ. ಆ ಊರನ್ನು, ಆ ದಾರಿಯನ್ನು ಹುಟ್ಟಿದಾರಭ್ಯ ನಂಬದಿದ್ದ ಮನುಷ್ಯ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅವಳ ಪಕ್ಕ ಕೂತ.

"ಹತ್ತೊಂಬತ್ತು ದಿನ ಏನು ಮಾಡಿದ್ಲೋ ಕಣೇ" ಎಂದ. "ಕತ್ತಲೆ ಅಂದ್ರೆ ಹೆದರ್ಕೋತಿದ್ಲು."